ಹದಿಮೂರು ಸ್ಕ್ರೂಗಳ ಮಾರುಕಟ್ಟೆ

ಬೇಸ್ ಗಿಟಾರಿನ ಕಳಚಬಹುದಾದ ಫಲಕದಿಂದ ಸಣ್ಣ ಉದ್ದಿಮೆಗಳು ಕಲಿಯಬಹುದಾದ ಪಾಠ

ಸ್ಕೂಟರ್ ಮಾರುವ ಮಳಿಗೆಯ ಸಮೀಪದಲ್ಲೇ ಸೀಟ್ ಕವರ್ ಹೊಲಿಯುವವರ ಅಂಗಡಿ ಇರುತ್ತದೆ. ಮೊಬೈಲ್ ಅಂಗಡಿಯ ಎದುರಿಗೆ ಮೊಬೈಲ್ ಕವರ್ ಮಾರುವವರು ಇರುತ್ತಾರೆ. ಮೂಲ ವಸ್ತುವನ್ನು ತಯಾರಿಸಲು ಕೋಟಿಗಟ್ಟಲೆ ಬಂಡವಾಳ ಬೇಕಾಗುತ್ತದೆ. ಅದಕ್ಕೆ ಹೊಂದುವ ಒಂದು ಸಣ್ಣ ಭಾಗವನ್ನು ತಯಾರಿಸಲು ಒಂದು ಯಂತ್ರ, ಒಂದು ಖಚಿತವಾದ ಅಳತೆ ಮತ್ತು ಕೆಲಸದ ಶಿಸ್ತು ಇದ್ದರೆ ಸಾಕು. ಈ ಮಾತು ನಮ್ಮ ವ್ಯಾಪಾರಿ ಬಂಧುಗಳಿಗೆ ಹೊಸದಲ್ಲ. ಆದರೆ ಇಂಥ ಉಪವ್ಯಾಪಾರ ಏಕೆ ಹುಟ್ಟುತ್ತದೆ, ಯಾವುದರಿಂದ ಬೆಳೆಯುತ್ತದೆ, ಎಲ್ಲಿ ನಷ್ಟಕ್ಕೆ ತಿರುಗುತ್ತದೆ ಎಂಬುದನ್ನು ಒಂದೇ ವಸ್ತುವಿನಲ್ಲಿ ಆದಿಯಿಂದ ಅಂತ್ಯದವರೆಗೆ ನೋಡುವ ಅವಕಾಶ ವಿರಳ. ಎಲೆಕ್ಟ್ರಿಕ್ ಬೇಸ್ ಗಿಟಾರಿನ ಮುಖದ ಮೇಲಿರುವ ‘ಪಿಕ್‌ಗಾರ್ಡ್’ ಎಂಬ ತೆಳುವಾದ ಫಲಕ ಅಂಥದೊಂದು ಅವಕಾಶವನ್ನು ಒದಗಿಸುತ್ತದೆ.

ಸಂಗೀತ ವಾದ್ಯಗಳ ವ್ಯವಹಾರವಿಲ್ಲದ ಸದಸ್ಯರೂ ಇದನ್ನು ಗಮನಿಸಬೇಕೆಂಬುದು ಈ ಲೇಖನದ ಆಶಯ. ಪ್ಲಾಸ್ಟಿಕ್ ಹಲಗೆ ಕತ್ತರಿಸುವವರು, ನಾಮಫಲಕ ಮಾಡುವವರು, ಅಲ್ಯೂಮಿನಿಯಂ ಆನೊಡೈಸಿಂಗ್ ಮಾಡುವವರು, ಸಿಎನ್‌ಸಿ ರೌಟರ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವವರು, ಇವರೆಲ್ಲರ ಕಸುಬಿಗೂ ಇದರಲ್ಲಿ ಸಂಬಂಧವಿದೆ.

ಫಲಕ ಎಂದರೇನು?

ಬೇಸ್ ಗಿಟಾರ್ ಸಾಮಾನ್ಯವಾಗಿ 4 ದಪ್ಪ ತಂತಿಗಳ, ಮಂದ್ರ ಸ್ವರಗಳ ವಾದ್ಯ. ಇದರ ಮರದ ಒಡಲು ಗಟ್ಟಿಯಾದುದು, ಪಿಟೀಲಿನಂತೆ ಟೊಳ್ಳಲ್ಲ. ತಂತಿಯ ಕಂಪನವನ್ನು ‘ಪಿಕಪ್’ ಎಂಬ ಅಯಸ್ಕಾಂತ ಮತ್ತು ತಾಮ್ರದ ಸುರುಳಿಯ ಸಾಧನವು ವಿದ್ಯುತ್ ಸಂಕೇತವಾಗಿ ಪರಿವರ್ತಿಸಿ ಆಂಪ್ಲಿಫೈಯರಿಗೆ ಕಳುಹಿಸುತ್ತದೆ. ವಾದಕನ ಬೆರಳು ಅಥವಾ ಮೀಟುಗೋಲು ಮರದ ಬಣ್ಣವನ್ನು ಗೀಚದಂತೆ ತಂತಿಗಳ ಕೆಳಗೆ ಒಡಲಿನ ಮೇಲೆ ಸ್ಕ್ರೂ ಹಾಕಿ ಕೂರಿಸುವ ಹಲಗೆಯೇ ಪಿಕ್‌ಗಾರ್ಡ್. ಮರದಲ್ಲಿ ಕೊರೆದ ಗುಂಡಿಗಳನ್ನೂ ಒಳಗಿನ ತಂತಿಗಳನ್ನೂ ಮುಚ್ಚುವುದು ಇದರ ಎರಡನೆಯ ಕೆಲಸ.

ಗಟ್ಟಿ ಒಡಲಿನ ವಾದ್ಯದಲ್ಲಿ ಈ ಫಲಕದಿಂದ ನಾದಕ್ಕೆ ಆಗುವ ವ್ಯತ್ಯಾಸ ಗಣನೆಗೆ ಬಾರದಷ್ಟು. ಹಾಗಾಗಿ ಅದನ್ನು ಬದಲಾಯಿಸಿದರೆ ಸ್ವರ ಕೆಟ್ಟೀತೆಂಬ ಭಯ ವಾದಕನಿಗಿಲ್ಲ. ಒಡಲಿಗೆ ಹೊಸ ಬಣ್ಣ ಹೊಡೆಸುವುದು ದುಬಾರಿಯ ಕೆಲಸ, ಒಮ್ಮೆ ಮಾಡಿದರೆ ಹಿಂತಿರುಗುವಂತಿಲ್ಲ. ಫಲಕವನ್ನಾದರೋ ಒಂದು ಸ್ಕ್ರೂಡ್ರೈವರ್ ಹಿಡಿದು ಮನೆಯಲ್ಲೇ ಬದಲಾಯಿಸಬಹುದು, ಬೇಡವೆನಿಸಿದರೆ ಹಳೆಯದನ್ನೇ ಮತ್ತೆ ಕೂರಿಸಬಹುದು. ಕಡಿಮೆ ಖರ್ಚಿನಲ್ಲಿ ವಾದ್ಯದ ಮುಖವೇ ಬದಲಾಗುತ್ತದೆ. ಗ್ರಾಹಕನ ಈ ನಿರ್ಭಯವೇ ಮಾರುಕಟ್ಟೆಯ ಮೊದಲ ಮೂಲಧನ.

ರೇಡಿಯೋ ದುರಸ್ತಿಗಾರನ ಲೆಕ್ಕಾಚಾರ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಫುಲ್ಲರ್ಟನ್ ಪಟ್ಟಣದಲ್ಲಿ ಲಿಯೋ ಫೆಂಡರ್ ಎಂಬವರು 1938ರಲ್ಲಿ ರೇಡಿಯೋ ದುರಸ್ತಿ ಅಂಗಡಿಯನ್ನು ತೆರೆದರು. ಕೆಟ್ಟ ಭಾಗವನ್ನು ಕಳಚಿ ಹೊಸದನ್ನು ಹಾಕುವ ದುರಸ್ತಿಗಾರನ ದೃಷ್ಟಿಯಿಂದಲೇ ಅವರು ಮುಂದೆ ವಾದ್ಯಗಳನ್ನೂ ರೂಪಿಸಿದರು. 1951ರಲ್ಲಿ ಅವರ ಕಂಪನಿ ಹೊರತಂದ ‘ಪ್ರಿಸಿಷನ್ ಬೇಸ್’ ಅದುವರೆಗಿನ ಆಳೆತ್ತರದ ಡಬಲ್ ಬೇಸ್ ವಾದ್ಯಕ್ಕೆ ಪರ್ಯಾಯವಾಯಿತು. ಕೈಯಲ್ಲಿ ಹಿಡಿದು ನಡೆಯಬಹುದಾದ, 34 ಇಂಚು ತಂತಿಯಳತೆಯ ಈ ವಾದ್ಯದಲ್ಲಿ ಫ್ರೆಟ್ ಪಟ್ಟಿಗಳಿದ್ದುದರಿಂದ ಸ್ವರ ಖಚಿತವಾಗಿ ನಿಲ್ಲುತ್ತಿತ್ತು. ‘ಪ್ರಿಸಿಷನ್’ ಎಂಬ ಹೆಸರೂ ಆ ಕಾರಣಕ್ಕೇ ಬಂದದ್ದು.

ಸಾಂಪ್ರದಾಯಿಕ ವಾದ್ಯ ತಯಾರಕರು ಕತ್ತನ್ನು ಒಡಲಿಗೆ ಅಂಟಿನಿಂದ ಜೋಡಿಸುತ್ತಿದ್ದರು. ಫೆಂಡರ್ ಅದನ್ನು 4 ಸ್ಕ್ರೂಗಳಿಂದ ಬಿಗಿದರು. ಕತ್ತು ಬಾಗಿದರೆ ಕತ್ತನ್ನು, ಫಲಕ ಒಡೆದರೆ ಫಲಕವನ್ನು ಮಾತ್ರ ಬದಲಾಯಿಸಬಹುದು. 1957ರಲ್ಲಿ ವಾದ್ಯವನ್ನು ಪುನರ್ರೂಪಿಸಿದಾಗ ಧ್ವನಿ ನಿಯಂತ್ರಿಸುವ ಗುಂಡಿಗಳನ್ನೂ ಕೇಬಲ್ ಸಿಕ್ಕಿಸುವ ಜ್ಯಾಕನ್ನೂ ಫಲಕದ ಮೇಲೆಯೇ ಕೂರಿಸಲಾಯಿತು. ಇದರಿಂದ ಬೆಸುಗೆಯ ಕೆಲಸವನ್ನು ಮರಗೆಲಸದಿಂದ ಬೇರ್ಪಡಿಸಿ, ಮೇಜಿನ ಮೇಲೆ ಫಲಕವನ್ನು ಸಿದ್ಧಗೊಳಿಸಿ, ಕೊನೆಯಲ್ಲಿ ಒಡಲಿಗೆ ಇಳಿಸುವುದು ಸಾಧ್ಯವಾಯಿತು. ಕಾರ್ಖಾನೆಯ ಅನುಕೂಲಕ್ಕಾಗಿ ಮಾಡಿದ ಈ ವ್ಯವಸ್ಥೆ ಕಾಲಾನಂತರದಲ್ಲಿ ಗ್ರಾಹಕನ ಅನುಕೂಲವೂ ಆಯಿತು. ಮುಂದೆ ಬೇರೆಯವರ ವ್ಯಾಪಾರಕ್ಕೆ ಬಾಗಿಲನ್ನು ತೆರೆದದ್ದೂ ಇದೇ ವ್ಯವಸ್ಥೆ.

ಬಣ್ಣಗಳ ಇತಿಹಾಸ

ಮೊದಲ ಪ್ರಿಸಿಷನ್ ಬೇಸಿಗೆ ಕಪ್ಪು ಫಲಕವಿತ್ತು. 1954ರಲ್ಲಿ ಬಿಳಿಯ ಒಂದೇ ಪದರದ ಫಲಕ ಬಂದಿತು. 1957ರಲ್ಲಿ ಬಂಗಾರದ ಬಣ್ಣಕ್ಕೆ ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಫಲಕ ಬಂದಿತು. ಅದನ್ನು 10 ಸ್ಕ್ರೂಗಳಿಂದ ಬಿಗಿಯುತ್ತಿದ್ದರು. ಬೆರಳು ಸದಾ ತಾಗುವ ಕಡೆ ಆ ಬಂಗಾರದ ಬಣ್ಣ ಸವೆದು ಒಳಗಿನ ಬಿಳಿಯ ಲೋಹ ಕಾಣುತ್ತಿತ್ತು. 1959ರ ಹೊತ್ತಿಗೆ ಆಮೆಚಿಪ್ಪಿನ ಕಂದುಗೆಂಪು ಮಚ್ಚೆಯನ್ನು ಹೋಲುವ ಸೆಲ್ಯುಲಾಯ್ಡ್ ಫಲಕ ರೂಢಿಗೆ ಬಂದು, ಸ್ಕ್ರೂಗಳ ಸಂಖ್ಯೆ 13ಕ್ಕೇರಿತು. ಹಲವು ಪದರಗಳ ಬಿಳಿಯ ಫಲಕಗಳೂ 1970ರ ದಶಕದಲ್ಲಿ ಕಪ್ಪು ಫಲಕಗಳೂ ಬಳಕೆಯಾದವು. ಅದೇ ಕಂಪನಿ 1960ರಲ್ಲಿ ಹೊರತಂದ ‘ಜಾಝ್ ಬೇಸ್’ ವಾದ್ಯದ ಫಲಕ ಬೇರೆ ಆಕಾರದ್ದು. ಅದಕ್ಕೆ ಸಾಮಾನ್ಯವಾಗಿ 10 ಸ್ಕ್ರೂಗಳು, ನಿಯಂತ್ರಣ ಗುಂಡಿಗಳಿಗೆ ಪ್ರತ್ಯೇಕ ಲೋಹದ ಪಟ್ಟಿ.

ಇಲ್ಲಿ ವ್ಯಾಪಾರಿಗಳು ಗಮನಿಸಬೇಕಾದ ಒಂದು ಸ್ವಾರಸ್ಯವಿದೆ. ಆ ಕಾಲದ ಬಿಳಿ ಸೆಲ್ಯುಲಾಯ್ಡ್ ಫಲಕಗಳು ವರ್ಷಗಳು ಕಳೆದಂತೆ ತಿಳಿಹಸಿರಿಗೆ ತಿರುಗಿದವು. ಉತ್ಪಾದಕನ ದೃಷ್ಟಿಯಲ್ಲಿ ಅದೊಂದು ದೋಷ. ಆದರೆ ಹಳೆಯ ವಾದ್ಯಗಳಿಗೆ ಬೆಲೆ ಬಂದ ಮೇಲೆ ಆ ತಿಳಿಹಸಿರೇ ಹಳೆಯತನದ ಹೆಗ್ಗುರುತಾಯಿತು. ಇಂದು ‘ಮಿಂಟ್ ಗ್ರೀನ್’ ಎಂಬ ಹೆಸರಿನಲ್ಲಿ ಹೊಚ್ಚಹೊಸ ಫಲಕಗಳನ್ನೇ ಆ ಬಣ್ಣದಲ್ಲಿ ತಯಾರಿಸಿ ಮಾರಲಾಗುತ್ತಿದೆ. ಗ್ರಾಹಕನು ಯಾವುದನ್ನು ದೋಷವೆನ್ನುತ್ತಾನೆ, ಯಾವುದನ್ನು ಸೊಗಸೆನ್ನುತ್ತಾನೆ ಎಂಬುದನ್ನು ಉತ್ಪಾದಕನು ಮೊದಲೇ ತೀರ್ಮಾನಿಸಲಾಗದು.

ವಾದಕರ ಅಭಿರುಚಿಯೂ ಈ ವ್ಯಾಪಾರಕ್ಕೆ ಇಂಬು ಕೊಟ್ಟಿದೆ. 2007ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಬ್ರಿಟನ್ನಿನ ‘ಐರನ್ ಮೇಡನ್’ ತಂಡದ ಕಾರ್ಯಕ್ರಮ ನಡೆದುದು ಅನೇಕರಿಗೆ ನೆನಪಿರಬಹುದು. ಆ ತಂಡದ ಬೇಸ್ ವಾದಕ ಸ್ಟೀವ್ ಹ್ಯಾರಿಸ್ ಅವರ ವಾದ್ಯದ ಗುರುತೇ ಕನ್ನಡಿಯಂತೆ ಹೊಳೆಯುವ ಫಲಕ. ಅವರ ಹೆಸರಿನಲ್ಲಿ ಫೆಂಡರ್ ಕಂಪನಿ ಮಾರುಕಟ್ಟೆಗೆ ತಂದ ಬೇಸಿಗೂ ಅಂಥದೇ ಫಲಕವಿದೆ. ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಉಂಟು. ಖ್ಯಾತ ವಾದಕ ಜ್ಯಾಕೋ ಪಾಸ್ಟೋರಿಯಸ್ ತಮ್ಮ 1962ರ ಜಾಝ್ ಬೇಸಿನ ಫಲಕವನ್ನು ತೆಗೆದುಹಾಕಿ ಬರಿಯ ಮರವನ್ನೇ ತೋರಿಸಿದರು. ಇಟ್ಟರೂ ತೆಗೆದರೂ ಅದು ವಾದಕನ ಆಯ್ಕೆ. ಆ ಆಯ್ಕೆಯನ್ನು ಸಾಧ್ಯವಾಗಿಸಿದ್ದು ಸ್ಕ್ರೂಗಳು.

ಗ್ರಾಹಕನು ಬದಲಾಯಿಸುವ ಬಗೆ

ಫಲಕ ಮಾರುವವರು ಗ್ರಾಹಕನು ಅದನ್ನು ಹೇಗೆ ಕೂರಿಸುತ್ತಾನೆಂಬುದನ್ನು ಬಲ್ಲವರಾಗಿರಬೇಕು. ಮೊದಲು ತಂತಿಗಳನ್ನು ಸಡಿಲಿಸಬೇಕು ಅಥವಾ ಬಿಚ್ಚಬೇಕು. ಜಾಝ್ ಬೇಸಿನಲ್ಲಿ ನಿಯಂತ್ರಣ ಗುಂಡಿಗಳು ಬೇರೆ ಪಟ್ಟಿಯ ಮೇಲಿರುವುದರಿಂದ ಫಲಕದ ಸ್ಕ್ರೂಗಳನ್ನು ತೆಗೆದರೆ ಅದು ಸುಲಭವಾಗಿ ಈಚೆ ಬರುತ್ತದೆ. ಪ್ರಿಸಿಷನ್ ಬೇಸಿನಲ್ಲಿ ಗುಂಡಿಗಳ ತಲೆಗಳನ್ನು ಎಳೆದು ತೆಗೆದು, ನಟ್ಟುಗಳನ್ನು ಬಿಚ್ಚಿ, ನಿಯಂತ್ರಕಗಳನ್ನೂ ಜ್ಯಾಕನ್ನೂ ಹಳೆಯ ಫಲಕದಿಂದ ಹೊಸದಕ್ಕೆ ವರ್ಗಾಯಿಸಬೇಕು. ವಿದ್ಯುತ್ ತಂತಿಗಳನ್ನು ಕತ್ತರಿಸುವ, ಹೊಸದಾಗಿ ಬೆಸುಗೆ ಹಾಕುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಪಿಕಪ್‌ಗಳು ಮರದ ಒಡಲಿಗೇ ಸ್ಕ್ರೂ ಆಗಿರುವುದರಿಂದ ಅವು ತಮ್ಮ ಸ್ಥಾನದಲ್ಲೇ ಉಳಿಯುತ್ತವೆ. ಹೊಸ ಫಲಕದ ಕಿಂಡಿ ಅವುಗಳ ಸುತ್ತ ಸರಿಯಾಗಿ ಕೂತರೆ ಆಯಿತು.

ಹೊಸ ಫಲಕವನ್ನು ಕೂರಿಸುವಾಗ ಒಂದೊಂದೇ ಸ್ಕ್ರೂವನ್ನು ಪೂರ್ತಿ ಬಿಗಿಯಬಾರದು. ಎಲ್ಲವನ್ನೂ ಸಡಿಲವಾಗಿ ಕೂರಿಸಿ, ಫಲಕದ ಸ್ಥಾನ ನೋಡಿಕೊಂಡು, ಬಳಿಕ ಹದವಾಗಿ ಬಿಗಿಯಬೇಕು. ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ ಸ್ಕ್ರೂವಿನ ಬುಡದಲ್ಲಿ ಸೀಳುತ್ತದೆ. ಕಳಚಿದ ಮೂಲ ಫಲಕವನ್ನು ಸ್ಕ್ರೂಗಳ ಸಮೇತ ಜೋಪಾನವಾಗಿಡುವಂತೆ ಗ್ರಾಹಕನಿಗೆ ಹೇಳುವುದು ಮಾರಾಟಗಾರನ ಧರ್ಮ. ಹಳೆಯ ವಾದ್ಯಕ್ಕೆ ಮರುಮಾರಾಟದಲ್ಲಿ ಬೆಲೆ ಬರುವುದು ಅದರ ಮೂಲ ಭಾಗಗಳಿಂದ. ಇಷ್ಟು ಸೂಚನೆಗಳನ್ನು ಒಂದು ಚೀಟಿಯಲ್ಲಿ ಮುದ್ರಿಸಿ ಪೊಟ್ಟಣದಲ್ಲಿಟ್ಟರೆ ದೂರುಗಳು ಕಡಿಮೆಯಾಗುತ್ತವೆ.

ಹೊರಗಿನವರಿಗೆ ತೆರೆದ ಬಾಗಿಲು

1965ರ ಜನವರಿಯಲ್ಲಿ ಫೆಂಡರ್ ಕಂಪನಿಯನ್ನು ಸಿಬಿಎಸ್ ಸಂಸ್ಥೆ 1 ಕೋಟಿ 30 ಲಕ್ಷ ಡಾಲರಿಗೆ ಕೊಂಡುಕೊಂಡಿತು. ಆ ಬಳಿಕದ ವರ್ಷಗಳಲ್ಲಿ, ವಿಶೇಷವಾಗಿ 1970ರ ದಶಕದಲ್ಲಿ, ಗುಣಮಟ್ಟ ಕುಸಿಯಿತೆಂಬ ಅಭಿಪ್ರಾಯ ವಾದಕರಲ್ಲಿ ಬೇರೂರಿತು. ಅದೇ ದಶಕದಲ್ಲಿ ಬದಲಿ ಭಾಗಗಳನ್ನು ತಯಾರಿಸುವ ಸಣ್ಣ ಸಂಸ್ಥೆಗಳು ಅಮೆರಿಕದಲ್ಲಿ ತಲೆಯೆತ್ತಿದವು. ಪಿಕಪ್‌ಗಳು, ಕತ್ತುಗಳು, ಒಡಲುಗಳು, ಫಲಕಗಳು, ಹೀಗೆ ವಾದ್ಯದ ಒಂದೊಂದು ಅಂಗಕ್ಕೂ ಪ್ರತ್ಯೇಕ ತಯಾರಕರು ಹುಟ್ಟಿಕೊಂಡರು. 1976ರಲ್ಲಿ ದುರಸ್ತಿ ಮತ್ತು ಬದಲಿ ಭಾಗಗಳ ಅಂಗಡಿಯಾಗಿ ಆರಂಭವಾದ ಕ್ಯಾಲಿಫೋರ್ನಿಯಾದ ಶೆಕ್ಟರ್ ಸಂಸ್ಥೆ ಕೆಲವೇ ವರ್ಷಗಳಲ್ಲಿ ತನ್ನದೇ ಸಂಪೂರ್ಣ ಗಿಟಾರುಗಳನ್ನು ಮಾರತೊಡಗಿತು. ಇಂದಿಗೂ ವಾರ್ಮತ್, ಆಲ್‌ಪಾರ್ಟ್ಸ್ ಮೊದಲಾದ ಸಂಸ್ಥೆಗಳ ವ್ಯವಹಾರವೆಲ್ಲ ಇಂಥ ಭಾಗಗಳ ಮೇಲೆಯೇ ನಿಂತಿದೆ.

ಇವರೆಲ್ಲರಿಗೂ ನೆಲೆಯಾದದ್ದು ಒಂದೇ ಸಂಗತಿ. ಪ್ರಿಸಿಷನ್ ಮತ್ತು ಜಾಝ್ ಬೇಸುಗಳ ಮೂಲ ಆಕಾರ ದಶಕಗಳಿಂದ ಹೆಚ್ಚು ಬದಲಾಗದೆ ಉಳಿದಿದೆ. ಆಕಾರ ಸ್ಥಿರವಾಗಿದ್ದರೆ ಒಮ್ಮೆ ಮಾಡಿಟ್ಟ ಟೆಂಪ್ಲೇಟು ವರ್ಷಾನುಗಟ್ಟಲೆ ದುಡಿಯುತ್ತದೆ. ಪ್ರತಿ ವರ್ಷ ಮಾದರಿ ಬದಲಾಗುವ ಮೊಬೈಲ್ ಫೋನಿನ ಕವರ್ ವ್ಯಾಪಾರದಲ್ಲಿ ಉಳಿದ ದಾಸ್ತಾನು ಕಸವಾಗುತ್ತದೆ. ಬೇಸ್ ಫಲಕದ ವ್ಯಾಪಾರದಲ್ಲಿ ಇಂದು ಮಾರದ ಸರಕು ಮುಂದಿನ ವರ್ಷವೂ ಮಾರಾಟವಾಗಬಲ್ಲದು. ದಾಸ್ತಾನಿನಲ್ಲಿ ಸಿಕ್ಕಿಕೊಂಡ ಬಂಡವಾಳದ ನೋವನ್ನು ಬಲ್ಲವರಿಗೆ ಈ ವ್ಯತ್ಯಾಸದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ರಂಧ್ರ ತಪ್ಪಿದರೆ ಲೆಕ್ಕ ತಪ್ಪುತ್ತದೆ

ಆದರೆ ‘ಹೆಚ್ಚು ಬದಲಾಗಿಲ್ಲ’ ಎಂಬ ಮಾತಿನಲ್ಲೇ ಅಪಾಯ ಅಡಗಿದೆ. ಪ್ರಿಸಿಷನ್ ಬೇಸ್ ಅಮೆರಿಕದಲ್ಲಿ ಮಾತ್ರ ತಯಾರಾದುದಲ್ಲ. 1982ರಿಂದ ಜಪಾನಿನಲ್ಲಿಯೂ, 1980ರ ದಶಕದ ಕೊನೆಯಿಂದ ಮೆಕ್ಸಿಕೋದ ಎನ್ಸೆನಾಡಾದಲ್ಲಿಯೂ ಫೆಂಡರ್ ವಾದ್ಯಗಳು ತಯಾರಾಗಿವೆ. ಅಗ್ಗದ ಶ್ರೇಣಿಗೆ ‘ಸ್ಕ್ವಾಯರ್’ ಎಂಬ ಬೇರೆ ಹೆಸರಿದೆ. ಇವೆಲ್ಲ ದೂರದಿಂದ ಒಂದೇ ರೀತಿ ಕಂಡರೂ ಸ್ಕ್ರೂ ರಂಧ್ರದ ಸ್ಥಾನ, ಕತ್ತಿನ ಬುಡದ ಅಳತೆ, ಪಿಕಪ್ ಕಿಂಡಿಯ ಅಂತರಗಳಲ್ಲಿ ಸಣ್ಣಪುಟ್ಟ ಭೇದಗಳಿರುತ್ತವೆ. ನಿಯಂತ್ರಕದ ರಂಧ್ರ ಅಮೆರಿಕನ್ ಪದ್ಧತಿಯಲ್ಲಿ ಸುಮಾರು 9.5 ಮಿಲಿಮೀಟರ್ ಇದ್ದರೆ, ಅಗ್ಗದ ಏಷ್ಯನ್ ವಾದ್ಯಗಳಲ್ಲಿ ಅದು 7ರಿಂದ 8 ಮಿಲಿಮೀಟರ್ ಇರುವುದುಂಟು. 1976ರ ಮ್ಯೂಸಿಕ್ ಮ್ಯಾನ್ ‘ಸ್ಟಿಂಗ್‌ರೇ’ ಬೇಸಿನ ಮೊಟ್ಟೆಯಾಕಾರದ ಫಲಕಕ್ಕಂತೂ ಇವುಗಳೊಂದಿಗೆ ಯಾವ ಸಂಬಂಧವೂ ಇಲ್ಲ. ಸಾಲದ್ದಕ್ಕೆ ಹಳೆಯ ಸೆಲ್ಯುಲಾಯ್ಡ್ ಫಲಕ ಕಾಲಕ್ರಮದಲ್ಲಿ ಕುಗ್ಗುತ್ತದೆ. ಕುಗ್ಗಿದ ಫಲಕವನ್ನೇ ಮಾದರಿಯಾಗಿಟ್ಟುಕೊಂಡು ಟೆಂಪ್ಲೇಟು ಮಾಡಿದರೆ ತಪ್ಪು ಅಳತೆಯನ್ನೇ ನೂರು ಸಲ ನಕಲು ಮಾಡಿದಂತಾಗುತ್ತದೆ. ಅಳತೆಯನ್ನು ಮರದ ಒಡಲಿನಿಂದ ತೆಗೆದುಕೊಳ್ಳುವುದು ಸುರಕ್ಷಿತ ಮಾರ್ಗ.

ಒಂದು ತಪ್ಪು ರಂಧ್ರದ ಬೆಲೆ ಎಷ್ಟೆಂದು ಲೆಕ್ಕ ಹಾಕೋಣ. ಪ್ರಿಸಿಷನ್ ಬೇಸಿನ ಒಂದು ಫಲಕಕ್ಕೆ 290 ಮಿಲಿಮೀಟರ್ ಅಗಲ, 430 ಮಿಲಿಮೀಟರ್ ಉದ್ದದ ತುಂಡು ಬೇಕೆಂದು ಇಟ್ಟುಕೊಂಡರೆ 8 ಅಡಿ ಉದ್ದ, 4 ಅಡಿ ಅಗಲದ ಹಲಗೆಯಲ್ಲಿ 20 ತುಂಡುಗಳು ದೊರೆಯುತ್ತವೆ. ಒಂದರ ತಯಾರಿಕೆಗೆ ಎಲ್ಲ ಖರ್ಚೂ ಸೇರಿ 80 ರೂಪಾಯಿ, ಮಾರಾಟ ಬೆಲೆ 100 ರೂಪಾಯಿ ಎಂದು ಕೇವಲ ಲೆಕ್ಕದ ಸಲುವಾಗಿ ಭಾವಿಸೋಣ. ಇಪ್ಪತ್ತೂ ಸರಿಯಾಗಿ ಹೊಂದಿದರೆ ಲಾಭ 400 ರೂಪಾಯಿ. ಒಂದು ಫಲಕ ಹೊಂದದೆ ಮರಳಿ ಬಂದರೆ ಗ್ರಾಹಕನಿಗೆ 100 ರೂಪಾಯಿ ಹಿಂತಿರುಗಿಸಬೇಕು; ಹೋಗಿಬರುವ ಸಾಗಣೆಗೆ 40 ರೂಪಾಯಿ ಕೈಯಿಂದ ಹೋಯಿತೆನ್ನೋಣ. ಅಲ್ಲಿಗೆ 140 ರೂಪಾಯಿ, ಎಂದರೆ 7 ಫಲಕಗಳ ಲಾಭ ಹೋದಂತಾಯಿತು. ಇಪ್ಪತ್ತರಲ್ಲಿ ಮೂರು ಮರಳಿದರೆ ಹೋಗುವುದು 420 ರೂಪಾಯಿ. ಇಡೀ ಹಲಗೆಯ ದುಡಿಮೆಯೇ ನಷ್ಟ. ಯಂತ್ರ ಕೆಟ್ಟಿಲ್ಲ, ಕೆಲಸಗಾರ ತಪ್ಪಿಲ್ಲ, ಗ್ರಾಹಕ ಮೋಸಮಾಡಿಲ್ಲ. ಯಾವ ವಾದ್ಯಕ್ಕೆ ಯಾವ ನಕ್ಷೆ ಎಂಬುದನ್ನು ಕೇಳದೆ ಕಳುಹಿಸಿದ್ದರ ಫಲ ಇದು.

ಆದ್ದರಿಂದ ಈ ವ್ಯವಹಾರದಲ್ಲಿರುವವರು ‘ಬೇಸ್ ಫಲಕ’ ಎಂದಷ್ಟೇ ಬರೆದು ಮಾರುವುದಿಲ್ಲ. ಯಾವ ಮಾದರಿಯದು, ಎಷ್ಟು ಸ್ಕ್ರೂಗಳದು, ಯಾವ ದೇಶದ ತಯಾರಿಕೆಗೆ ಹೊಂದುತ್ತದೆ, ಎಡಗೈ ವಾದಕರದೋ ಬಲಗೈ ವಾದಕರದೋ ಎಂಬ ವಿವರಗಳನ್ನು ಸ್ಪಷ್ಟಪಡಿಸುತ್ತಾರೆ. ಆರ್ಡರ್ ಪಡೆಯುವ ಮೊದಲು ಹಳೆಯ ಫಲಕವನ್ನು ಕಾಗದದ ಮೇಲಿಟ್ಟು ಸುತ್ತ ಗೀಟು ಎಳೆದು, ರಂಧ್ರಗಳನ್ನು ಗುರುತಿಸಿ ಕಳುಹಿಸಲು ಹೇಳುವ ಪದ್ಧತಿಯೂ ಇದೆ. ಐದು ನಿಮಿಷದ ಈ ವಿಚಾರಣೆ ಏಳು ಫಲಕಗಳ ಲಾಭವನ್ನು ಉಳಿಸುತ್ತದೆ.

ಹಲಗೆಯ ಆಯ್ಕೆ

ಇಂದಿನ ಬಹುಪಾಲು ಫಲಕಗಳು ಪಿವಿಸಿ ಮುಂತಾದ ಪ್ಲಾಸ್ಟಿಕ್ಕಿನ ಮೂರು ಪದರಗಳ ಹಲಗೆಗಳಿಂದ ಆದವು. ಒಟ್ಟು ದಪ್ಪ ಸುಮಾರು ಎರಡೂವರೆ ಮಿಲಿಮೀಟರ್. ಅಂಚನ್ನು ಓರೆಯಾಗಿ ಕೆತ್ತಿದಾಗ ಬಿಳಿ, ಕಪ್ಪು, ಬಿಳಿ ಎಂದು ಮೂರು ಗೆರೆಗಳು ಕಾಣುತ್ತವೆ. ಫಲಕದ ಅಂದವಿರುವುದು ಬಹುಮಟ್ಟಿಗೆ ಈ ಓರೆ ಅಂಚಿನಲ್ಲಿ. ಒಳ್ಳೆಯ ಕೆಲಸವೂ ಕಳಪೆ ಕೆಲಸವೂ ಅಲ್ಲೇ ಬಯಲಾಗುತ್ತವೆ. ಸ್ಕ್ರೂಗಳು ಸಾಮಾನ್ಯವಾಗಿ 4ನೇ ನಂಬರಿನ, ಅರ್ಧ ಇಂಚು ಉದ್ದದವು. ಅವುಗಳ ತಲೆ ಹುದುಗುವಂತೆ ಪ್ರತಿ ರಂಧ್ರದ ಬಾಯಿಯನ್ನು ಒಂದೇ ಆಳಕ್ಕೆ ಅಗಲಿಸಬೇಕು.

ಲೇಸರ್ ಯಂತ್ರವುಳ್ಳವರು ಒಂದು ಎಚ್ಚರಿಕೆಯನ್ನು ಮರೆಯಬಾರದು. ಪಿವಿಸಿ ಹಲಗೆಯನ್ನು ಲೇಸರಿನಿಂದ ಕತ್ತರಿಸಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುತ್ತದೆ. ಅದು ಕೆಲಸಗಾರರ ಶ್ವಾಸಕೋಶಕ್ಕೂ ಯಂತ್ರದ ಲೋಹದ ಭಾಗಗಳಿಗೂ ಹಾನಿಕರ. ಪಿವಿಸಿಯನ್ನು ರೌಟರಿನಿಂದಲೇ ಕೆತ್ತಬೇಕು. ಅಕ್ರಿಲಿಕ್ ಹಲಗೆ ಲೇಸರಿಗೆ ಒಗ್ಗುತ್ತದೆ, ಕನ್ನಡಿ ಹೊಳಪಿನ ಮತ್ತು ಪಾರದರ್ಶಕ ಫಲಕಗಳಿಗೆ ಅದೇ ಸೂಕ್ತ. ಆದರೆ ಅದು ಪೆಡಸು. ಸ್ಕ್ರೂ ರಂಧ್ರ ಬಿಗಿಯಾದರೆ ಬಿರುಕು ಬಿಡುತ್ತದೆ. ಅಲ್ಯೂಮಿನಿಯಂ ಫಲಕಕ್ಕೆ ಬಿರುಕಿನ ಭಯವಿಲ್ಲ. ಅದನ್ನು ಸರಿಯಾಗಿ ಭೂಸಂಪರ್ಕಕ್ಕೆ ಜೋಡಿಸಿದರೆ ವಿದ್ಯುತ್ ಗುಂಯ್‌ಗುಡುವಿಕೆಯನ್ನೂ ಅದು ತಡೆಯುತ್ತದೆ. ಪ್ಲಾಸ್ಟಿಕ್ ಫಲಕಗಳ ಹಿಂಬದಿಗೆ ತಾಮ್ರದ ಅಥವಾ ಅಲ್ಯೂಮಿನಿಯಂನ ತೆಳುಹಾಳೆ ಅಂಟಿಸುವುದೂ ಇದೇ ಉದ್ದೇಶಕ್ಕೆ.

ಹಳೆಯ ಬಗೆಯ ನೈಟ್ರೇಟ್ ಸೆಲ್ಯುಲಾಯ್ಡ್ ನೋಡಲು ಆಳವಾದ ಸೊಗಸುಳ್ಳದ್ದು, ಆದರೆ ಬೇಗ ಹೊತ್ತಿಕೊಳ್ಳುವಂಥದು. ಸೆಲ್ಯುಲಾಯ್ಡ್ ಹಲಗೆಗಳನ್ನು ಸಾಗಣೆಯಲ್ಲಿ ಅಪಾಯಕಾರಿ ಸರಕೆಂದು ವರ್ಗೀಕರಿಸಲಾಗಿದೆ. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಅದರ ಸಂಖ್ಯೆ 2000. ಗೋದಾಮಿನಲ್ಲಿ ಅದನ್ನು ಇತರ ಸರಕಿನೊಂದಿಗೆ ರಾಶಿ ಹಾಕುವುದು, ಅದರ ಪುಡಿಯನ್ನು ಯಂತ್ರದ ಬಳಿ ಬಿಡುವುದು ಅನಾಹುತಕ್ಕೆ ದಾರಿ. ಸಣ್ಣ ಕಾರ್ಯಾಗಾರಗಳು ಇದರ ಗೊಡವೆಗೆ ಹೋಗದೆ, ಅದೇ ಮಚ್ಚೆಯನ್ನು ಹೋಲುವ ಇತರ ಪ್ಲಾಸ್ಟಿಕ್‌ಗಳನ್ನು ಬಳಸುವುದು ಲೇಸು.

ಹೆಸರು, ರೂಪ ಮತ್ತು ಕಾನೂನು

ಬೇರೆಯವರ ವಾದ್ಯಕ್ಕೆ ಹೊಂದುವ ಭಾಗವನ್ನು ಮಾಡಿ ಮಾರಬಹುದೇ ಎಂಬ ಪ್ರಶ್ನೆ ಸಹಜ. ಪ್ರಿಸಿಷನ್ ಬೇಸ್ ಮತ್ತು ಇನ್ನೆರಡು ಗಿಟಾರುಗಳ ಒಡಲಿನ ಆಕಾರವನ್ನು ತನ್ನ ವ್ಯಾಪಾರಮುದ್ರೆಯಾಗಿ ನೋಂದಾಯಿಸಬೇಕೆಂದು ಫೆಂಡರ್ ಕಂಪನಿ ಅಮೆರಿಕದಲ್ಲಿ ಅರ್ಜಿ ಸಲ್ಲಿಸಿತ್ತು. ಹಲವು ತಯಾರಕರು ಅದನ್ನು ವಿರೋಧಿಸಿದರು. 2009ರ ಮಾರ್ಚ್ ತಿಂಗಳಲ್ಲಿ ಅಲ್ಲಿನ ವ್ಯಾಪಾರಮುದ್ರೆ ಮಂಡಳಿ ಕಂಪನಿಯ ಕೋರಿಕೆಯನ್ನು ತಳ್ಳಿಹಾಕಿತು. ದಶಕಗಳ ಕಾಲ ಅನೇಕರು ಅದೇ ಆಕಾರವನ್ನು ಬಳಸಿದ್ದಾರೆ, ಆ ಆಕಾರವನ್ನು ಕಂಡಮಾತ್ರಕ್ಕೆ ಅದು ಒಂದೇ ಕಂಪನಿಯದೆಂದು ಜನ ಭಾವಿಸುವುದಿಲ್ಲ ಎಂಬುದು ತೀರ್ಪಿನ ಸಾರ. ತನ್ನ ರೂಪದ ಮೇಲೆ ಹಕ್ಕಿದೆಯೆಂದು ಭಾವಿಸುವ ಉದ್ಯಮಿ ಕಾಲಕ್ಕೆ ಸರಿಯಾಗಿ ಅದನ್ನು ಸ್ಥಾಪಿಸಿಕೊಳ್ಳಬೇಕೆಂಬ ಪಾಠವೂ ಇದರಲ್ಲಿದೆ.

ಆದರೆ ಆ ತೀರ್ಪು ಕಂಪನಿಯ ಹೆಸರನ್ನೋ ಲಾಂಛನವನ್ನೋ ವಾದ್ಯದ ತಲೆಯ ನೋಂದಾಯಿತ ಆಕಾರವನ್ನೋ ಬಳಸಲು ಪರವಾನಗಿಯಲ್ಲ. ‘ಇಂಥ ಮಾದರಿಗೆ ಹೊಂದುತ್ತದೆ’ ಎಂದು ಸತ್ಯವನ್ನು ತಿಳಿಸುವುದು ಬೇರೆ, ಫಲಕದ ಮೇಲೆ ಆ ಕಂಪನಿಯ ಮುದ್ರೆ ಒತ್ತಿ ಅಸಲಿಯೆಂದು ಮಾರುವುದು ಬೇರೆ. ನಮ್ಮಲ್ಲಿ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಎರಡನೆಯದು ಅಪರಾಧವಾಗುತ್ತದೆ. ಚಲನಚಿತ್ರದ ಪಾತ್ರಗಳನ್ನೋ ಕ್ರೀಡಾ ತಂಡದ ಲಾಂಛನವನ್ನೋ ಫಲಕದ ಮೇಲೆ ಮುದ್ರಿಸಿ ಮಾರಲು ಹಕ್ಕುದಾರರ ಅನುಮತಿ ಬೇಕು. ಸ್ವಂತವಾಗಿ ರೂಪಿಸಿದ ಹೊಸ ಚಿತ್ರವಿನ್ಯಾಸವಿದ್ದರೆ 2000ದ ಡಿಸೈನ್ಸ್ ಕಾಯ್ದೆಯಡಿ ಅದನ್ನು ನೋಂದಾಯಿಸುವ ಅವಕಾಶವನ್ನು ಪರಿಶೀಲಿಸಬಹುದು. ಮೊದಲಿಗೆ 10 ವರ್ಷ, ಬಳಿಕ ಮತ್ತೆ 5 ವರ್ಷ ರಕ್ಷಣೆ ದೊರೆಯುತ್ತದೆ. ಸರಕನ್ನು ಪ್ರಕಟಿಸುವ ಮೊದಲೇ ಅರ್ಜಿ ಹಾಕಬೇಕೆಂಬುದು ಇಲ್ಲಿ ಮುಖ್ಯ.

‘ಆಮೆಚಿಪ್ಪು’ ಎಂಬ ಪದದ ಬಗೆಗೂ ಎಚ್ಚರ ಅಗತ್ಯ. ನಿಜವಾದ ಆಮೆಚಿಪ್ಪು ಕೊಡುವ ಹಾಕ್ಸ್‌ಬಿಲ್ ಕಡಲಾಮೆ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅದನ್ನು ರಕ್ಷಿಸುತ್ತದೆ. ಫಲಕ ಪ್ಲಾಸ್ಟಿಕ್ಕಿನದಾಗಿದ್ದರೂ ರಫ್ತಿನ ಬಿಲ್ಲಿನಲ್ಲಿ ಆ ಪದವೊಂದನ್ನೇ ಬರೆದರೆ ಸುಂಕದ ಅಧಿಕಾರಿಗಳು ತಡೆದು ಪ್ರಶ್ನಿಸಬಹುದು. ‘ಆಮೆಚಿಪ್ಪಿನ ಬಣ್ಣದ ಪ್ಲಾಸ್ಟಿಕ್ ಫಲಕ’ ಎಂದು ಪೂರ್ಣವಾಗಿ ಬರೆಯುವುದು ಉತ್ತಮ. ಸುಂಕ ವರ್ಗೀಕರಣದಲ್ಲಿ ಸಂಗೀತ ವಾದ್ಯಗಳು 92ನೇ ಅಧ್ಯಾಯಕ್ಕೂ ಅವುಗಳ ಬಿಡಿಭಾಗಗಳು 9209 ಎಂಬ ಶೀರ್ಷಿಕೆಗೂ ಸೇರುತ್ತವೆ. ತೆರಿಗೆ ದರಗಳು ಕಾಲಕಾಲಕ್ಕೆ ಬದಲಾಗುವುದರಿಂದ ಬಿಲ್ಲು ಬರೆಯುವ ಮೊದಲು ತೆರಿಗೆ ಸಲಹೆಗಾರರನ್ನು ವಿಚಾರಿಸುವುದು ಕ್ಷೇಮ. ರಫ್ತು ಮಾಡುವವರಿಗೆ ಆಮದು-ರಫ್ತು ಸಂಕೇತ ಸಂಖ್ಯೆ ಇರಲೇಬೇಕು.

ನಮ್ಮ ಸದಸ್ಯರು ಗಮನಿಸಬೇಕಾದುದು

ನಾಮಫಲಕ ಕತ್ತರಿಸುವ ರೌಟರು ಇರುವ ಕಡೆಯೆಲ್ಲ ನಾಳೆಯಿಂದ ಬೇಸ್ ಫಲಕ ತಯಾರಾಗಬೇಕೆಂದು ಈ ಲೇಖನ ಹೇಳುತ್ತಿಲ್ಲ. ಈ ಮಾರುಕಟ್ಟೆ ಸೀಮಿತವಾದುದು. ಅಮೆರಿಕದ ಹಳೆಯ ಸಂಸ್ಥೆಗಳೂ ಚೀನಾದ ಅಗ್ಗದ ಸರಕೂ ಅಲ್ಲಿ ಈಗಾಗಲೇ ಇವೆ. ಬೆಲೆಯಲ್ಲಿ ಚೀನಾದೊಂದಿಗೆ ಸ್ಪರ್ಧಿಸಹೊರಟವನು ಸೋಲುವ ಸಂಭವವೇ ಹೆಚ್ಚು. ಒಂದೋ ಎರಡೋ ಸಂಖ್ಯೆಯಲ್ಲಿ, ಗ್ರಾಹಕನು ಕಳುಹಿಸಿದ ಅಳತೆಗೆ, ಅವನು ಬಯಸಿದ ಬಣ್ಣದಲ್ಲಿ ಮಾಡಿಕೊಡುವ ಕೆಲಸಕ್ಕೆ ದೊಡ್ಡ ಕಾರ್ಖಾನೆಗಳು ಕೈಹಾಕುವುದಿಲ್ಲ. ಸಣ್ಣವನ ಸ್ಥಾನ ಅಲ್ಲಿದೆ.

ಅದಕ್ಕಿಂತ ಮುಖ್ಯವಾದುದು ಈ ಫಲಕದ ಹಿಂದಿರುವ ಸೂತ್ರ. ತಮ್ಮ ಸುತ್ತಲಿನ ಉತ್ಪನ್ನಗಳನ್ನು ಉದ್ದಿಮೆದಾರರು ಮೂರು ಪ್ರಶ್ನೆಗಳೊಂದಿಗೆ ನೋಡಲಿ. ಈ ಭಾಗವನ್ನು ಬಳಕೆದಾರನೇ ಕಳಚಿ ಮತ್ತೆ ಹಾಕಬಲ್ಲನೇ? ಇದರ ಅಳತೆ ವರ್ಷಾನುಗಟ್ಟಲೆ ಬದಲಾಗದೆ ಉಳಿಯುತ್ತದೆಯೇ? ಬದಲಾಯಿಸಿದಾಗ ವಸ್ತುವಿನ ಕೆಲಸ ಕೆಡದೆ ಅದರ ಅಂದ ಹೆಚ್ಚುತ್ತದೆಯೇ? ಮೂರಕ್ಕೂ ಹೌದೆಂಬ ಉತ್ತರ ಬಂದಲ್ಲಿ ಸಣ್ಣ ಉದ್ದಿಮೆಗೆ ಜಾಗವಿದೆ. ಹೊಲಿಗೆ ಯಂತ್ರವಿರಲಿ, ಬೈಸಿಕಲ್ ಇರಲಿ, ಅಡುಗೆಮನೆಯ ಗ್ರೈಂಡರಿರಲಿ, ಪ್ರಶ್ನೆಗಳು ಇವೇ. ಸ್ವಂತ ಉತ್ಪನ್ನ ತಯಾರಿಸುವವರು ಇದನ್ನೇ ತಿರುಗಿಸಿ ಕೇಳಿಕೊಳ್ಳಬಹುದು: ನಮ್ಮ ವಸ್ತುವಿನ ಯಾವ ಭಾಗವನ್ನು ಅಂಟಿನ ಬದಲು ಸ್ಕ್ರೂವಿನಿಂದ ಬಿಗಿದರೆ ಗ್ರಾಹಕನು ಎರಡನೆಯ ಬಾರಿ ನಮ್ಮ ಬಳಿ ಬಂದಾನು?

ಫುಲ್ಲರ್ಟನ್ನಿನ ರೇಡಿಯೋ ದುರಸ್ತಿಗಾರರು ತಮ್ಮ ಕೆಲಸವನ್ನು ಹಗುರ ಮಾಡಿಕೊಳ್ಳಲು ಹಾಕಿದ ಸ್ಕ್ರೂಗಳು ಏಳು ದಶಕಗಳ ನಂತರವೂ ಅನ್ಯರಿಗೆ ದುಡಿಮೆ ಒದಗಿಸುತ್ತಿವೆ. ಆ ದುಡಿಮೆಯಲ್ಲಿ ಪಾಲು ಸಿಗುವುದು ಹದಿಮೂರು ರಂಧ್ರಗಳನ್ನೂ ಅವುಗಳ ಸ್ಥಾನದಲ್ಲೇ ಕೊರೆಯಬಲ್ಲವರಿಗೆ ಮಾತ್ರ. ಹನ್ನೆರಡು ಸರಿಯಿದ್ದು ಒಂದು ತಪ್ಪಿದರೂ ಸರಕು ಮರಳಿ ಬರುತ್ತದೆ.